ಫೋನಿನಲ್ಲಿ ಸಾಯುವ ಟೀಚರಮ್ಮ

ಜೂನ್ ೩, ಸೋಮವಾರ

ಸರ್ಕಾರಕ್ಕೆ ಹಾಸ್ಯಪ್ರಜ್ಞೆ ಇಲ್ಲವೆಂದು ದೂರುವವರು ಇಂದು ನನ್ನ ಕೈಗೆ ಬಂದ ವರ್ಗಾವಣೆ ಆದೇಶವನ್ನು ನೋಡಬೇಕು. ಫೋನ್ ಗಂಟೆ ಹೊಡೆದರೆ ಬಚ್ಚಲುಮನೆ ಸೇರಿ ನಲ್ಲಿ ತಿರುಗಿಸಿ "ಕೈ ಒದ್ದೆ, ಯಾರಾದ್ರೂ ತೆಗೀರಿ" ಎಂದು ಕೂಗುವ ಹೆಂಗಸನ್ನು ಅದು ಆಂಬುಲೆನ್ಸ್ ಕರೆ ಕೇಂದ್ರಕ್ಕೆ ಹಾಕಿದೆ. ಬೆಳಗಿನಿಂದ ಸಂಜೆಯವರೆಗೆ ಫೋನ್ ಎತ್ತುವುದೇ ಅಲ್ಲಿನ ಉದ್ಯೋಗವಂತೆ.

ಇಷ್ಟು ವರ್ಷ ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಹಳೆಯ ಕಡತಗಳ ನಡುವೆ ಸುಖವಾಗಿದ್ದೆ. ಕಡತಗಳು ಗಂಟೆ ಹೊಡೆಯುವುದಿಲ್ಲ. "ಅಯ್ಯೋ ಬೇಗ ಬನ್ನಿ" ಎನ್ನುವುದಿಲ್ಲ. ಈಗ ಅವನ್ನೆಲ್ಲ ಕಂಪ್ಯೂಟರು ನುಂಗಿ ನೀರು ಕುಡಿದಿದೆ. ಕಡತದ ಜೊತೆ ಉಚಿತವಾಗಿ ಬಂದ ನನ್ನನ್ನು ಎಲ್ಲಿಡುವುದೆಂದು ತಿಳಿಯದೆ ಮೂರನೆಯ ಮಹಡಿಗೆ ಸಾಗಿಸಿದ್ದಾರೆ. ಒಂದು ತಿಂಗಳು ತರಬೇತಿ. ಕೊನೆಯಲ್ಲಿ ಪರೀಕ್ಷೆ: ಕರೆಗಳು ಬರುವ ದೊಡ್ಡ ಹಜಾರದಲ್ಲಿ ಕುಳಿತು ನಿಜವಾದ ಕರೆಯೊಂದನ್ನು ಯಾರ ಸಹಾಯವೂ ಇಲ್ಲದೆ ನಿಭಾಯಿಸಬೇಕು. ಆಗದಿದ್ದರೆ ಕೆಲಸ ಬಿಟ್ಟು ಮನೆಗೆ.

ಫೋನೆಂದರೆ ಏಕಿಷ್ಟು ಭಯವೆಂದು ಕೇಳಿದರೆ ಹೇಳಿಕೊಳ್ಳಲು ಒಂದು ಘನವಾದ ಕಥೆಯೂ ನನ್ನಲ್ಲಿಲ್ಲ. ಸಾವಿನ ಸುದ್ದಿ ಬಂದದ್ದಿಲ್ಲ, ಬೆದರಿಕೆ ಬಂದದ್ದಿಲ್ಲ. ಗಂಟೆ ಹೊಡೆಯುತ್ತದೆ, ನನ್ನ ಎದೆ ಅದಕ್ಕಿಂತ ಜೋರಾಗಿ ಹೊಡೆಯುತ್ತದೆ, ಅಷ್ಟೇ. ಇಂದು ಸಂಜೆಯೂ ಮನೆಯ ಫೋನ್ ಬಂದಾಗ ನಾನು ಎದ್ದು ಓಡಿದೆ. ಅತ್ತೆ ಸೋಫಾದಿಂದಲೇ, "ನೋಡಮ್ಮ, ಫೋನ್ ಬಂದ್ರೆ ಎಷ್ಟು ಚುರುಕಾಗಿ ಓಡ್ತಾಳೆ ನಮ್ಮ ಸೊಸೆ, ಆ ಕಡೆಗೆ!" ಎಂದರು. ಮಗಳು ನಕ್ಕಳು. ನಮ್ಮವರು ಕೆಲಸದಿಂದ ಆಗತಾನೆ ಬಂದಿದ್ದರು. ನಗಲಿಲ್ಲ, ಆದರೆ ನಗದಿರಲು ಪಟ್ಟ ಕಷ್ಟ ಕಾಣಿಸಿತು.

ನಾಳೆಯಿಂದ ಶುರು.

ಜೂನ್ ೪, ಮಂಗಳವಾರ

ತರಬೇತಿ ಕೋಣೆ ಒಂದು ದೊಡ್ಡ ಕಪಾಟಿನಷ್ಟಿದೆ. ಗೋಡೆಗೆಲ್ಲ ಶಬ್ದ ಹೀರುವ ಸ್ಪಂಜು. ಬಾಗಿಲು ಹಾಕಿದರೆ ಹೊರಗೆ ಕಟ್ಟಡ ಕುಸಿದರೂ ಗೊತ್ತಾಗದು. ಒಂದು ಮೇಜು, ಒಂದು ಪರದೆ, ಒಂದು ಫೋನು. ಪಕ್ಕದಲ್ಲಿ ಇನ್ನೊಂದು ಪುಟ್ಟ ಕೋಣೆ, ನಡುವೆ ಒಂದು ಬಾಗಿಲು, ಅದಕ್ಕೆ ಹಜಾರದ ಕಡೆಗೂ ಒಂದು ಬಾಗಿಲು. ಆ ಕೋಣೆ ಟೀಚರಮ್ಮನದು.

ಹೆಸರು ಬೇರೆ ಇರಬೇಕು, ಆದರೆ ಇಡೀ ಮಹಡಿ ಹಾಗೇ ಕರೆಯುತ್ತದೆ. ಮೊದಲು ಆಂಬುಲೆನ್ಸ್‌ನಲ್ಲಿ ನರ್ಸ್ ಆಗಿದ್ದವರು. ಮೊಣಕಾಲು ಹೋದಮೇಲೆ ಕಲಿಸಲು ಬಂದರಂತೆ. ಬೆಟ್ಟದಂಥ ಹೆಂಗಸು. ಕೈಯಲ್ಲಿ ಊರುಗೋಲು, ಬಾಯಲ್ಲಿ ಸದಾ ಒಂದು ಪೆಪ್ಪರಮೆಂಟು.

"ಪಾಠ ಪುಸ್ತಕ ಇದೆಯಾ ಮೇಡಂ?" ಎಂದೆ. ಪುಸ್ತಕವಿದ್ದರೆ ಅದರ ಹಿಂದೆ ಅಡಗಬಹುದೆಂಬ ದೂರಾಲೋಚನೆ.

"ಇಲ್ಲ. ನಾನು ಆ ಕೋಣೆಯಿಂದ ಫೋನ್ ಮಾಡ್ತೀನಿ. ನೀನು ಎತ್ತು. ಅಷ್ಟೇ ಪಾಠ."

ಹೋದರು. ಬಾಗಿಲು ಮುಚ್ಚಿತು. ಗಂಟೆ ಹೊಡೆಯಿತು. ನಾನು ಫೋನನ್ನು ನೋಡಿದೆ. ಅದು ನನ್ನನ್ನು ನೋಡಿತು. ಹೊಡೆಯಿತು, ಹೊಡೆಯಿತು, ನಿಂತಿತು. ಬಾಗಿಲು ತೆರೆಯಿತು.

"ಸತ್ತೆ," ಎಂದರು ಟೀಚರಮ್ಮ, ಬೇಸರವೇನೂ ಇಲ್ಲದೆ. "ಹೃದಯಾಘಾತ. ಮನೇಲಿ ಒಬ್ನೇ ಇದ್ದೆ, ಪಾಪ. ಇನ್ನೊಂದ್ಸಲ ಮಾಡ್ತೀನಿ."

ಮಧ್ಯಾಹ್ನದ ಊಟದೊಳಗೆ ಅವರು ಸತ್ತ ಸಂಖ್ಯೆಗೆ ಒಂದು ಸ್ಮಶಾನ ಸಾಲದು. ಸಂಜೆ ಕೊನೆಗೊಮ್ಮೆ ಎತ್ತಿದೆ. ಎತ್ತಿ, "ರಾಂಗ್ ನಂಬರ್" ಎಂದು ಹೇಳಿ ಇಟ್ಟೆ. ಅದು ಹೇಗೆ ಬಾಯಿಗೆ ಬಂತೋ ನನಗೆ ತಿಳಿಯದು.

ಟೀಚರಮ್ಮ ಬಂದು, "ಎತ್ತಿದ್ಯಲ್ಲ, ಪರವಾಗಿಲ್ಲ," ಎಂದರು. "ಸತ್ತೆ, ಆದ್ರೆ ಯಾರೋ ಮಾತಾಡ್ಸಿದ್ರು ಅನ್ನೋ ಸಮಾಧಾನದಲ್ಲಿ ಸತ್ತೆ."

ಜೂನ್ ೭, ಶುಕ್ರವಾರ

ಇಂದು ಟೀಚರಮ್ಮ ಮೆಟ್ಟಿಲಿನಿಂದ ಬಿದ್ದ ಮುದುಕರಾಗಿ ಸತ್ತರು, ಜೇನುಹುಳು ಕಚ್ಚಿದ ಮದುಮಗನಾಗಿ ಸತ್ತರು, ಸೀಸೆಯಲ್ಲಿ ಬೆರಳು ಸಿಕ್ಕಿಸಿಕೊಂಡ ಕುಡುಕನಾಗಿ ಮಾತ್ರ ಬದುಕಿದರು. ಬೆರಳು ಸಿಕ್ಕಿದರೆ ಯಾರೂ ಸಾಯುವುದಿಲ್ಲವಾದ್ದರಿಂದ ಅದನ್ನು ನನ್ನ ಖಾತೆಗೆ ಹಾಕಿಕೊಳ್ಳುವಂತಿಲ್ಲ.

ನನ್ನ ತಪ್ಪೇನೆಂದರೆ, ನಾನು "ಏನಾಯ್ತು?" ಎಂದು ಕೇಳುತ್ತೇನೆ. ಮನುಷ್ಯರು ಕೇಳುವುದು ಅದನ್ನೇ ಅಲ್ಲವೇ?

"ಏನಾಯ್ತು ಅಂತ ಕೇಳಿದ್ರೆ ಕಥೆ ಹೇಳ್ತಾರೆ," ಎಂದರು ಟೀಚರಮ್ಮ. "ಬೆಳಿಗ್ಗೆ ಎದ್ದಾಗಿಂದ ಶುರು ಮಾಡ್ತಾರೆ. ಎಲ್ಲಿ ಅಂತ ಕೇಳು. ಎಲ್ಲಿ ಅಂತ ಗೊತ್ತಾದ್ರೆ ಗಾಡಿ ಹೊರಡತ್ತೆ. ಕಥೆ ದಾರೀಲಿ ಕೇಳ್ಕೋಬಹುದು."

"ಅಳ್ತಾ ಇದ್ರೆ ಸಮಾಧಾನ ಮಾಡೋದು ಬೇಡ್ವಾ ಮೇಡಂ?"

"ಬೇಡ. ಕೆಲಸ ಹೇಳು. ಅಳೋರ ಕೈಗೆ ಏನಾದ್ರೂ ಕೆಲಸ ಕೊಡು. ಕೈ ಖಾಲಿ ಇದ್ರೆ ಬಾಯಿ ಕಿರಿಚತ್ತೆ."

ನಾನು ಗಂಭೀರವಾಗಿ ತಲೆಯಾಡಿಸಿದೆ. ಮತ್ತೆ ಗಂಟೆ ಹೊಡೆದಾಗ ಎತ್ತಿ, "ಎಲ್ಲಿದೀನಿ?" ಎಂದು ಕೇಳಿದೆ. ಆ ಕಡೆಯಿಂದ ಟೀಚರಮ್ಮ ನಕ್ಕು ನಕ್ಕು ಕೆಮ್ಮಿ, "ಅದನ್ನ ನೀನೇ ಹೇಳ್ಬೇಕು ಮಾರಾಯ್ತಿ," ಎಂದರು.

ಮನೆಗೆ ಬರುವಾಗ ಬಸ್ಸಿನಲ್ಲಿ ಯಾರದೋ ಫೋನ್ ಬಡಿದುಕೊಂಡಿತು. ಎರಡು ನಿಲ್ದಾಣ ಮೊದಲೇ ಇಳಿದು ನಡೆದೆ.

ಜೂನ್ ೧೨, ಬುಧವಾರ

ಒಂದು ವಿಷಯ ಕಂಡುಹಿಡಿದಿದ್ದೇನೆ. ಟೀಚರಮ್ಮ ಯಾರ ಧ್ವನಿ ಮಾಡಿದರೂ, ಅದು ಗಂಡಿರಲಿ ಹೆಣ್ಣಿರಲಿ ಹಣ್ಣುಹಣ್ಣು ಮುದುಕಿಯಿರಲಿ, ನಡುವೆ ಒಂದು ಸಣ್ಣ ಸದ್ದು ಕೇಳಿಸುತ್ತದೆ: ಕಟಕ್, ಕಟಕ್. ಪೆಪ್ಪರಮೆಂಟು ಹಲ್ಲಿಗೆ ತಾಗುವ ಸದ್ದು. ಅದು ಕೇಳಿದ ಕೂಡಲೇ ನನ್ನ ಜೀವ ಅದರ ಜಾಗಕ್ಕೆ ವಾಪಸು ಬರುತ್ತದೆ. ಎಷ್ಟೇ ರಕ್ತ ಸುರಿಯಲಿ, ಎಷ್ಟೇ ಬೆಂಕಿ ಹೊತ್ತಲಿ, ಪೆಪ್ಪರಮೆಂಟು ಚೀಪುತ್ತ ಸಾಯುವವರು ಎಷ್ಟರಮಟ್ಟಿಗೆ ಸಾಯಬಲ್ಲರು?

ಹೀಗಾಗಿ ಈ ವಾರ ಟೀಚರಮ್ಮ ಹೆಚ್ಚಾಗಿ ಬದುಕುತ್ತಿದ್ದಾರೆ. ಇಂದು ನೀರಿಗೆ ಬಿದ್ದವರಾಗಿ ಬದುಕಿದರು, ಗಂಟಲಲ್ಲಿ ಗುಂಡಿ ಸಿಕ್ಕಿಸಿಕೊಂಡವರಾಗಿ ಬದುಕಿದರು. "ಕೈ ಇನ್ನೂ ನಡುಗತ್ತಾ?" ಎಂದು ಕೇಳಿದರು. ನಡುಗುತ್ತದೆ ಎಂದೆ. "ನಡುಗ್ಲಿ. ನಡುಗೋ ಕೈಲೂ ಬರೀಬಹುದು. ಅಕ್ಷರ ಸ್ವಲ್ಪ ಸೊಟ್ಟ ಆಗತ್ತೆ, ಅಷ್ಟೇ ತಾನೇ."

ಒಂದು ಮಾತ್ರ ವಿಚಿತ್ರ. ಈ ಹೆಂಗಸು ಇವತ್ತಿನವರೆಗೆ ಒಮ್ಮೆಯೂ "ಹೆದರ್ಬೇಡ" ಎಂದಿಲ್ಲ. ಹುಟ್ಟಿದಾಗಿನಿಂದ ಎಲ್ಲರೂ ನನಗೆ ಹೇಳಿರುವುದು ಅದೊಂದೇ. ಹೇಳದಿದ್ದರೆ ಏನೋ ಮರೆತಿದ್ದಾರೆ ಅನ್ನಿಸುತ್ತದೆ.

ಪೆಪ್ಪರಮೆಂಟಿನ ಗುಟ್ಟು ಅವರಿಗೆ ಹೇಳಿಲ್ಲ.

ಜೂನ್ ೧೮, ಮಂಗಳವಾರ

ಕೆಲಸಕ್ಕೆ ತಡವಾಯಿತು. ಕಾರಣ ಅತ್ತೆ. ಸ್ನಾನಕ್ಕೆಂದು ಹೋಗಿ ಚಿಲಕ ಹಾಕಿಕೊಂಡರು, ಚಿಲಕ ಸಿಕ್ಕಿಕೊಂಡಿತು. ಒಳಗಿಂದ, "ನಾನು ಇಲ್ಲೇ ಸಾಯ್ತೀನಿ, ನೀವೆಲ್ಲ ಚೆನ್ನಾಗಿರಿ," ಎಂಬ ಭಾಷಣ. ಹೊರಗೆ ಮಗಳ ಅಳು. ನಮ್ಮವರು ಬಾಗಿಲನ್ನು ಭುಜದಿಂದ ಗುದ್ದಿ, ಭುಜ ಹಿಡಿದುಕೊಂಡು ಕುಳಿತರು.

"ಅತ್ತೆ, ಎಲ್ಲಿದ್ದೀರಿ?" ಎಂದೆ.

"ಬಚ್ಚಲಲ್ಲಿ ಅಲ್ದೆ ಅರಮನೇಲಿ ಇದೀನಾ?"

"ಬಚ್ಚಲಲ್ಲಿ ಎಲ್ಲಿ? ನಿಂತಿದ್ದೀರಾ, ಕೂತಿದ್ದೀರಾ?"

"ನಿಂತಿದೀನಿ. ಕಾಲು ನಡುಗ್ತಿದೆ."

"ಸ್ಟೂಲ್ ಎಳ್ಕೊಂಡು ಕೂತ್ಕೊಳ್ಳಿ. ಕೂತ್ರಾ? ಸೋಪು ಎಲ್ಲಿದೆ? ತಗೊಂಡು ಚಿಲಕದ ಕಡ್ಡಿಗೆಲ್ಲ ಉಜ್ಜಿ. ಉಜ್ತಾ ನಂಗೆ ಹೇಳಿ, ನಿಮ್ಮ ಮದುವೆಗೆ ಯಾರ್ಯಾರು ಬರ್ಲಿಲ್ಲ?"

ಅದು ಅತ್ತೆಗೆ ಅತ್ಯಂತ ಪ್ರಿಯವಾದ ವಿಷಯ. ಬಾರದವರ ಪೈಕಿ ಅರ್ಧ ಜನರನ್ನು ಬೈಯುವಷ್ಟರಲ್ಲಿ ಚಿಲಕ ಜಾರಿತು. ಹೊರಗೆ ಬಂದವರು ಉಳಿದರ್ಧ ಜನರನ್ನು ತಿಂಡಿಯ ಮುಂದೆ ಮುಗಿಸಿದರು. ಈ ಗಲಾಟೆಯಲ್ಲಿ ಬಸ್ಸು ತಪ್ಪಿತು. ಆಟೊ ಸ್ಟ್ಯಾಂಡಿಗೆ ಫೋನ್ ಮಾಡಿದರೆ ಅಲ್ಲಿದ್ದವನು ಅಸಡ್ಡೆಯಿಂದ ಮಾತಾಡಿದ. ಎರಡು ಮಾತು ಬಿಗಿಯಾಗಿ ಹೇಳಿದ ಮೇಲೆ ಗಾಡಿ ಕಳಿಸಿದ. ಆದರೂ ತಡವಾಯಿತು. ದಿನವೆಲ್ಲ ಮನಸ್ಸಿಗೆ ಕಿರಿಕಿರಿ.

ಜೂನ್ ೨೧, ಶುಕ್ರವಾರ

ಇದನ್ನು ಬರೆಯಲು ಕೈ ಬರುತ್ತಿಲ್ಲ.

ಇಂದು ಟೀಚರಮ್ಮ ನನ್ನನ್ನು ಹಜಾರಕ್ಕೆ ಕರೆದೊಯ್ದರು. ಸಾಲು ಸಾಲು ಮೇಜು, ಪ್ರತಿ ಮೇಜಿನ ಮೇಲೂ ಕೆಂಪು ದೀಪ. ಕರೆ ಬಂದರೆ ದೀಪ ಮಿನುಗುತ್ತದೆ. ಅಲ್ಲಿನ ಮೇಲಧಿಕಾರಿ, ಎಲ್ಲರೂ ಸಾಹೇಬರು ಎನ್ನುವವರು, ನನ್ನನ್ನು ತೂಕದ ತಟ್ಟೆಯಲ್ಲಿಟ್ಟಂತೆ ನೋಡಿ, "ಇವ್ರೇನಾ ನೆಲಮಾಳಿಗೆಯವರು?" ಎಂದರು. ಒಬ್ಬ ಹಿರಿಯ ಸಿಬ್ಬಂದಿಯ ಪಕ್ಕ ಕೂಡಿಸಿ ಬರೀ ಕೇಳಿಸಿಕೊಳ್ಳಲು ಕಿವಿಗೆ ಹೆಡ್‌ಫೋನು ಕೊಟ್ಟರು.

ದೀಪ ಮಿನುಗಿತು. ಒಬ್ಬ ಗಂಡಸು. ಬೊಬ್ಬೆಯಿಲ್ಲ, ಅಳುವಿಲ್ಲ. ಮೆಲ್ಲಗೆ, "ನಮ್ಮಮ್ಮ ಎದ್ದೇಳ್ತಿಲ್ಲ," ಎಂದ. ಅಷ್ಟೇ. ನಾನು ಕಟಕ್ ಎಂಬ ಸದ್ದಿಗೆ ಕಾದೆ. ಬರಲಿಲ್ಲ. ಅವನ ಉಸಿರು ಮಾತ್ರ ಕೇಳಿಸುತ್ತಿತ್ತು. ಅದು ನಿಜವಾದ ಉಸಿರು.

ಕಿವಿಯದನ್ನು ಕಿತ್ತೆಸೆದು ಎದ್ದೆ. ಮೆಟ್ಟಿಲ ಬಳಿಯ ಕಸದ ಬುಟ್ಟಿಯಲ್ಲಿ ವಾಂತಿ ಮಾಡಿಕೊಂಡೆ. ಹಿಂದಿನಿಂದ ಸಾಹೇಬರ ಮಾತು: "ಟೀಚರಮ್ಮ, ಇವ್ರ ಕೈಲಾಗಲ್ಲ. ಸುಮ್ನೆ ಯಾಕೆ ಅವ್ರಿಗೂ ಹಿಂಸೆ, ನಮಗೂ ಹಿಂಸೆ?"

"ತಿಂಗಳು ಇನ್ನೂ ಮುಗ್ದಿಲ್ಲ ಸಾರ್," ಎಂದರು ಟೀಚರಮ್ಮ. ನನಗೆ ಒಂದು ಲೋಟ ನೀರು ತಂದುಕೊಟ್ಟರು. ಒಂದು ಪೆಪ್ಪರಮೆಂಟೂ.

ಸಾಹೇಬರ ಮಾತೇ ಸರಿ. ನಾನು ಕಲಿತದ್ದು ಟೀಚರಮ್ಮನ ನಾಟಕಕ್ಕೆ ಉತ್ತರ ಕೊಡುವುದನ್ನು ಮಾತ್ರ. ನಾಟಕದ ಗಾಯಕ್ಕೆ ಹಚ್ಚುವ ಮುಲಾಮು ನಿಜದ ಗಾಯಕ್ಕೆ ಏನು ಪ್ರಯೋಜನ?

ಜೂನ್ ೨೫, ಮಂಗಳವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಬರೆದರೆ ಎದೆ ಹಗುರಾದೀತೇನೋ.

ಬೆಳಿಗ್ಗೆ ಟೀಚರಮ್ಮ ಎಂದಿನಂತೆ ಪಕ್ಕದ ಕೋಣೆಗೆ ಹೋದರು. ಒಂದೆರಡು ಸಲ ಸತ್ತು ಬದುಕಿದರು. ಆಮೇಲೆ ತುಂಬ ಹೊತ್ತು ಏನೂ ಇಲ್ಲ. ಪೆಪ್ಪರಮೆಂಟು ಮುಗಿದಿರಬೇಕು ಎಂದುಕೊಂಡೆ.

ಗಂಟೆ ಹೊಡೆಯಿತು. ಎತ್ತಿದೆ. "ಆಂಬುಲೆನ್ಸ್. ಎಲ್ಲಿದ್ದೀರಿ?"

"ರಕ್ತ ರೀ, ರಕ್ತ ನಿಲ್ತಾನೇ ಇಲ್ಲ!" ಹೆಂಗಸಿನ ಧ್ವನಿ, ಒಡೆದ ಗಂಟಲು. ಹಿಂದೆಯೇ ಕಟಕಟಕಟ ಎಂಬ ಸದ್ದು. ಇಂದು ಎರಡೆರಡು ಒಟ್ಟಿಗೆ ಬಾಯಿಗೆ ಹಾಕಿಕೊಂಡಿದ್ದಾರೆ ಎಂದು ನಗು ಬಂತು.

"ರಕ್ತ ಆಮೇಲೆ. ಎಲ್ಲಿದ್ದೀರಿ ಹೇಳಿ."

"ಕನ್ನಡಿ ಅಂಗಡಿ. ಸೇತುವೆ ಇಳಿದ ತಕ್ಷಣ ಬಲಕ್ಕೆ, ನೀಲಿ ಬಾಗಿಲು. ನಮ್ಮೆಜಮಾನ್ರು ಗಾಜು ಕತ್ತರಿಸ್ತಿದ್ರು, ಜಾರಿ ತೋಳಿಗೆ..."

ಬೆರಳು ತಾನಾಗಿ ಪರದೆಯಲ್ಲಿ ವಿಳಾಸ ಹಾಕಿ, ಕಳಿಸುವ ಗುಂಡಿ ಒತ್ತಿತು. ಅಭ್ಯಾಸದಲ್ಲಿ ಅದು ಪಕ್ಕದ ಕೋಣೆಗೆ ಹೋಗುತ್ತದೆ.

"ಗಾಡಿ ಹೊರಟಿದೆ. ಗಾಜಿನ ಚೂರು ಒಳಗೆ ಚುಚ್ಕೊಂಡಿದ್ಯಾ?"

"ಇಲ್ಲ, ಇಲ್ಲ..."

"ಹತ್ರ ಏನು ಬಟ್ಟೆ ಇದೆ?"

"ಟವೆಲ್ಲು."

"ಮಡಚಿ ಗಾಯದ ಮೇಲಿಟ್ಟು ಎರಡೂ ಕೈಲಿ ಒತ್ತಿ. ಫೋನ್ ಸ್ಪೀಕರ್‌ಗೆ ಹಾಕಿ ಕೆಳಗಿಡಿ. ಅವರನ್ನ ನೆಲದ ಮೇಲೆ ಮಲಗಿಸಿ. ಒತ್ತಿದ್ರಾ? ಇನ್ನೂ ಜೋರಾಗಿ. ಮೈಭಾರ ಎಲ್ಲ ಹಾಕಿ."

"ನೆನೆದು ಹೋಯ್ತು ರೀ! ತೆಗೆದು ನೋಡ್ಲಾ?"

"ತೆಗೀಬೇಡಿ. ಅದರ ಮೇಲೇ ಇನ್ನೊಂದು ಬಟ್ಟೆ ಇಡಿ. ಒತ್ತೋದು ನಿಲ್ಲಿಸ್ಬೇಡಿ."

"ಕಣ್ಣು ಮುಚ್ತಿದಾರೆ... ಹೋಗ್ಬಿಡ್ತಾರೆ ರೀ, ನನ್ನ ಬಿಟ್ಟು ಹೋಗ್ಬಿಡ್ತಾರೆ..."

"ಹೋಗೋರು ನಿಮ್ಮನ್ನ ಕೇಳ್ದೆ ಹೋಗ್ತಾರಾ? ಬೈಯಿರಿ ಅವರನ್ನ. ಏನಾದ್ರೂ ಒಂದು ವಿಷಯಕ್ಕೆ ಬೈಯಿರಿ. ಉತ್ತರ ಕೊಡ್ಲಿ."

ಅವಳು ಬೈದಳು. ಅದೂ ಎಂಥ ಬೈಗುಳ! ಹಳೆಯದೊಂದು ಛತ್ರಿ ಎಲ್ಲೋ ಮರೆತುಬಂದದ್ದರಿಂದ ಹಿಡಿದು ಮೈದುನನ ಬೇಜವಾಬ್ದಾರಿಯವರೆಗೆ. ನಡುನಡುವೆ ಗಂಡಸಿನ ಕ್ಷೀಣ ಧ್ವನಿಯೊಂದು "ಊಂ" ಎನ್ನುತ್ತಿತ್ತು. ಟೀಚರಮ್ಮ ಒಂದೇ ಬಾಯಲ್ಲಿ ಇಬ್ಬರಾಗುವುದನ್ನು ಯಾವಾಗ ಕಲಿತರೋ ಎಂದು ಬೆರಗಾದೆ. ನನ್ನ ಕೈ ನಡುಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಆರಾಮವಾಗಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದೆ.

ಕೊನೆಗೆ ಬಾಗಿಲು ಬಡಿದ ಸದ್ದು, ಬೂಟುಗಾಲುಗಳ ಸದ್ದು. "ಬಂದ್ರು! ಬಂದ್ರು ರೀ!" ಎಂದು ಅವಳು ಗೋಳೋ ಎಂದು ಅತ್ತಳು.

ನಾನು ಮೆಚ್ಚಿಕೆಯಿಂದ ಹೇಳಿದೆ: "ಇವತ್ತು ಅಳು ತುಂಬಾ ಸಹಜವಾಗಿತ್ತು. ನಿನ್ನೆಗಿಂತ ಎಷ್ಟೋ ವಾಸಿ."

ಆ ಕಡೆ ಅಳು ಥಟ್ಟನೆ ನಿಂತಿತು.

"ಏನಂದ್ರಿ?" ಎಂದಿತು ಧ್ವನಿ. ಕರೆ ಕಡಿಯಿತು.

ಶಹಬ್ಬಾಸ್‌ಗಿರಿ ಪಡೆಯಲು ನಡುವಿನ ಬಾಗಿಲು ತೆರೆದೆ. ಪಕ್ಕದ ಕೋಣೆಯಲ್ಲಿ ಯಾರೂ ಇರಲಿಲ್ಲ. ಕುರ್ಚಿ ಹಿಂದಕ್ಕೆ ಸರಿದಿತ್ತು. ಫೋನ್ ಮೇಜಿನ ಮೇಲೆ ಸ್ವಸ್ಥಾನದಲ್ಲಿತ್ತು. ಪೆಪ್ಪರಮೆಂಟಿನ ಡಬ್ಬಿ ಮುಚ್ಚಿತ್ತು.

ಆ ಕಟಕಟ ಸದ್ದು ಏನೆಂದು ಆಗ ಹೊಳೆಯಿತು. ಅದು ಹಲ್ಲು. ಭಯಕ್ಕೆ ಒಂದಕ್ಕೊಂದು ಬಡಿಯುತ್ತಿದ್ದ ಒಬ್ಬ ಹೆಂಗಸಿನ ಹಲ್ಲು.

ಮುಂದಿನದು ಅರೆಬರೆ ನೆನಪು. ನೆಲದ ಮೇಲೆ ಕುಳಿತಿದ್ದೆ. ಟೀಚರಮ್ಮ ಹಜಾರದಿಂದ ಬಂದರು. ಎಲ್ಲೋ ಎರಡು ಬಸ್ಸುಗಳು ಡಿಕ್ಕಿಯಾಗಿ ಹಜಾರದ ದೀಪಗಳೆಲ್ಲ ಒಟ್ಟಿಗೆ ಮಿನುಗಿದವಂತೆ. ಸಾಹೇಬರು ಅವರನ್ನೂ ಅಲ್ಲಿಗೆ ಕರೆಸಿಕೊಂಡು, ಯಾರಿಗೂ ಹೇಳದೆ ತರಬೇತಿ ಕೋಣೆಯ ಫೋನನ್ನೂ ಪರದೆಯನ್ನೂ ನಿಜದ ಸಾಲಿಗೆ ಸೇರಿಸಿಬಿಟ್ಟಿದ್ದರಂತೆ. ಒಳಗೆ ನಾನಿರುವುದು ಆ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಲಿಲ್ಲವಂತೆ.

"ಬದುಕಿದಾರಾ?" ಎಂದು ಕೇಳಿದೆ.

"ಆಸ್ಪತ್ರೆಗೆ ಒಯ್ದಿದಾರೆ. ಇನ್ನೂ ಗೊತ್ತಿಲ್ಲ."

ಸಾಯುವ ಗಂಡನ ಪಕ್ಕ ಕುಳಿತ ಹೆಂಗಸಿಗೆ ನಾನು ಅಂಕ ಕೊಟ್ಟಿದ್ದೇನೆ.

ಜೂನ್ ೨೬, ಬುಧವಾರ

ಹೋಗಲಿಲ್ಲ. ಊಟ ಬೇಡ. ಅತ್ತೆ ಏನೂ ತಮಾಷೆ ಮಾಡದೆ ಪಕ್ಕದಲ್ಲಿ ಕುಳಿತರು. ಅದು ಇನ್ನೂ ಹೆದರಿಸಿತು.

ಜೂನ್ ೨೭, ಗುರುವಾರ

ಬದುಕಿದ್ದಾರೆ. ಹೊಲಿಗೆ ಹಾಕಿ, ರಕ್ತ ಕೊಟ್ಟು, ಈಗ ಕಣ್ಣು ಬಿಟ್ಟಿದ್ದಾರೆ. ಟೀಚರಮ್ಮ ಫೋನ್ ಮಾಡಿ ಹೇಳಿದರು, ನಾನೇ ಎತ್ತಿದ್ದೆ. ಕೇಳಿ ಅತ್ತುಬಿಟ್ಟೆ.

ಆಮೇಲೆ ಇನ್ನೊಂದು ಸುದ್ದಿ ಹೇಳಿದರು. ದೂರು ಬಂದಿದೆ. "ನನ್ನ ಗಂಡ ಸಾಯ್ತಾ ಇದ್ರೆ ನಿಮ್ಮ ಆಫೀಸಿನವಳು ನನ್ನ ಅಳು ಸಹಜವಾಗಿದೆ ಅಂದ್ಲು." ಸಾಹೇಬರು ನಾಳೆ ಕರೆದಿದ್ದಾರೆ.

ಜೂನ್ ೨೮, ಶುಕ್ರವಾರ

ಸಾಹೇಬರ ಕೋಣೆಯಲ್ಲಿ ಇಡೀ ಕರೆಯನ್ನು ಮತ್ತೆ ಕೇಳಿಸಿದರು. ಕರೆಗಳೆಲ್ಲ ಅಲ್ಲಿ ದಾಖಲಾಗುತ್ತವೆ. ನಾನು ಕಿವಿ ಮುಚ್ಚಿಕೊಳ್ಳಬೇಕೆಂದು ಕೈಯೆತ್ತಿದೆ. ಟೀಚರಮ್ಮ ಊರುಗೋಲಿನಿಂದ ನನ್ನ ಕಾಲಿಗೆ ತಟ್ಟಿ, "ಕೇಳು," ಎಂದರು.

ಕೇಳಿದೆ. ಯಾರೋ ಒಬ್ಬಳು, ನನ್ನದೇ ಧ್ವನಿಯವಳು, ಆತುರವಿಲ್ಲದೆ ಮಾತಾಡುತ್ತಿದ್ದಾಳೆ. ಅವಳು ಯಾರೆಂದು ನನಗೆ ಪರಿಚಯವಾಗಲಿಲ್ಲ. ಕೊನೆಯ ಆ ಮಾತು ಬಂದಾಗ ಮಾತ್ರ ಅವಳು ನಾನೇ ಎಂದು ಖಾತ್ರಿಯಾಯಿತು.

"ಕರೆ ನಿಭಾಯಿಸಿದ ರೀತಿ ಸರಿಯಾಗಿದೆ," ಎಂದರು ಸಾಹೇಬರು, ಆ ಮಾತು ಹಲ್ಲಿನ ಸಂದಿಯಿಂದ ಕೀಳಿಸಿಕೊಂಡಂತೆ. "ಆದ್ರೆ ದೂರು ದೂರೇ."

"ಫೋನ್ ಬದಲಾಯಿಸಿದ್ದು ನೀವು. ಅವಳಿಗೆ ಹೇಳ್ದೆ ಹೋದದ್ದು ನಾನು," ಎಂದರು ಟೀಚರಮ್ಮ. "ಬೇಕಿದ್ರೆ ನಮ್ಮಿಬ್ರನ್ನೂ ಕಳಿಸಿ, ಅವಳನ್ನ ಇಟ್ಕೊಳ್ಳಿ."

ನಾನು ನಡುವೆ ಬಾಯಿ ಹಾಕಿದೆ. "ಸಾರ್, ಅದು ಧೈರ್ಯ ಅಲ್ಲ. ನಾಟಕ ಅಂತ ತಿಳ್ಕೊಂಡು ಮಾಡಿದ್ದು. ನಿಜ ಅಂತ ಗೊತ್ತಿದ್ರೆ ಓಡಿಹೋಗ್ತಿದ್ದೆ. ಅದು ಲೆಕ್ಕಕ್ಕಿಲ್ಲ."

ಟೀಚರಮ್ಮ ನನ್ನ ಕಡೆ ತಿರುಗಿದರು. "ನಿಜ ಅಂತ ಗೊತ್ತಿದ್ದು, ಓಡ್ದೆ ಕೂತಿದ್ರೆ, ಬೇರೆ ಏನು ಕೇಳ್ತಿದ್ದೆ?"

ಯೋಚಿಸಿದೆ. ಕೇಳಿದ್ದ ಪ್ರಶ್ನೆಗಳನ್ನು ಬೆರಳು ಮಡಚಿ ಎಣಿಸಿದೆ, ಮತ್ತೆ ಅವೇ ಬಂದವು.

ಸಾಹೇಬರು ಕೊನೆಗೆ, ದೂರು ಕೊಟ್ಟವರು ದೂರು ಹಿಂತೆಗೆದುಕೊಂಡರೆ ಪರೀಕ್ಷೆಗೆ ಕೂರಬಹುದು, ಇಲ್ಲದಿದ್ದರೆ ಇಲ್ಲ ಎಂದರು. ಹೊರಗೆ ಬಂದ ಮೇಲೆ ಟೀಚರಮ್ಮ ಒಂದು ನಂಬರು ಕೊಟ್ಟರು. "ಫೋನ್ ಮಾಡಿ ಕ್ಷಮೆ ಕೇಳು. ದೂರಿನ ವಿಷಯ ಎತ್ಬೇಡ. ಕ್ಷಮೆ ಕೇಳೋದಷ್ಟೇ ನಿನ್ನ ಕೆಲಸ."

"ನೀವೂ ಜೊತೆಗಿರ್ತೀರಾ?"

"ಇಲ್ಲ."

ಎತ್ತುವುದೇ ಕಷ್ಟವಿರುವ ಪ್ರಾಣಿಗೆ ಮಾಡುವ ಶಿಕ್ಷೆ. ಶನಿವಾರ, ಭಾನುವಾರ ಎರಡು ದಿನ ಇದೆ ಹೆದರಿಕೊಳ್ಳಲು.

ಜುಲೈ ೧, ಸೋಮವಾರ

ಮಾಡಿದೆ. ಅತ್ತೆಯನ್ನೂ ಮಗಳನ್ನೂ ಅಂಗಡಿಗೆ ಅಟ್ಟಿ, ಬಾಗಿಲು ಹಾಕಿ, ನಿಂತುಕೊಂಡೇ ಮಾಡಿದೆ. ಆ ಕಡೆ ಗಂಟೆ ಹೊಡೆಯುತ್ತಿರುವಾಗ, ಎತ್ತದಿರಲಿ ದೇವರೇ ಎಂದುಕೊಂಡೆ. ಎತ್ತಿದರು.

"ನಾನು ಆಂಬುಲೆನ್ಸ್ ಆಫೀಸಿನಿಂದ... ಅವತ್ತು ನಿಮ್ಮ ಜೊತೆ ಮಾತಾಡಿದವಳು."

"ಓ. ಅಳುವಿಗೆ ಮಾರ್ಕ್ಸ್ ಕೊಟ್ಟೋರು."

ಎಲ್ಲ ಹೇಳಿದೆ: ಪಕ್ಕದ ಕೋಣೆ, ಟೀಚರಮ್ಮ, ಪೆಪ್ಪರಮೆಂಟು, ಹಲ್ಲು. "ನೀವು ನಿಜವಾಗಿ ಅಳ್ತಿದ್ದೀರಿ ಅಂತ ನನಗೆ ಗೊತ್ತಿರ್ಲಿಲ್ಲ. ತಪ್ಪಾಯ್ತು. ಗೊತ್ತಿದ್ದಿದ್ರೆ ನಾನೂ ನಿಮ್ಮ ಜೊತೆ ಅಳ್ತಾ ಕೂರ್ತಿದ್ದೆ."

"ಅತ್ತಿದ್ರೆ ಟವೆಲ್ ಯಾರು ಹೇಳ್ತಿದ್ರು?" ಎಂದಳು ಕನ್ನಡಿ ಅಂಗಡಿಯ ಹೆಂಗಸು. ಸ್ವಲ್ಪ ತಡೆದು, "ಆ ಮಾತು ಕೇಳಿ ಎಂಥ ಸಿಟ್ಟು ಬಂತು ಗೊತ್ತಾ! ಗಾಡೀಲಿ ಆಸ್ಪತ್ರೆ ತನಕ ನಿಮ್ಮನ್ನೇ ಬೈತಿದ್ದೆ. ಅಳೋಕೆ ಪುರುಸೊತ್ತೇ ಆಗ್ಲಿಲ್ಲ."

ಹಿಂದೆ ಗಂಡಸಿನ ಧ್ವನಿಯೊಂದು ಏನೋ ಕೇಳಿತು. ಅವಳು ಫೋನಿನ ಬಾಯಿ ಮುಚ್ಚಿ, "ಸುಮ್ನಿರ್ರೀ," ಎಂದು ಗದರಿದಳು. ಧ್ವನಿ ಸುಮ್ಮನಾಗಲಿಲ್ಲ.

"ಏನಂತೆ?" ಎಂದೆ.

"ಏನಿಲ್ಲ, ಇವರದೊಂದು. ಆ ರೆಕಾರ್ಡಿಂಗ್ ಸಿಗತ್ತಾ ಅಂತ ಕೇಳ್ತಿದಾರೆ." ಅವಳ ಧ್ವನಿ ಇದ್ದಕ್ಕಿದ್ದಂತೆ ತಗ್ಗಿತು. "ಮದುವೆಯಾಗಿ ಇಷ್ಟು ವರ್ಷದಲ್ಲಿ ನೀನು ನನಗೋಸ್ಕರ ಅತ್ತಿದ್ದು ಕೇಳಿಲ್ಲ, ಅವತ್ತು ಅತ್ತಾಗ ನನಗೆ ಜ್ಞಾನ ಇರ್ಲಿಲ್ಲ, ಒಂದ್ಸಲ ಕೇಳ್ಬೇಕು ಅಂತ ಹಟ. ನಿಮ್ಮಿಂದಾದ ಅವಾಂತರ ನೋಡಿ."

ಕೇಳಿ ತಿಳಿಸುತ್ತೇನೆಂದೆ. ದೂರಿನ ವಿಷಯ ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಫೋನ್ ಇಟ್ಟು ಬಾಗಿಲು ತೆಗೆದೆ. ಅಂಗಡಿಯಿಂದ ಬಂದ ಅತ್ತೆ, "ಅಲ್ಲಿಂದ ಮಾಡಿದ್ರೆ ಇಷ್ಟು ಹೊತ್ತು ಎಂಗೇಜು, ಯಾರದು ಫೋನು?" ಎಂದರು. ಸ್ನೇಹಿತೆ ಎಂದು ಸುಳ್ಳು ಹೇಳಿದೆ.

ಜುಲೈ ೩, ಬುಧವಾರ

ದೂರು ಹಿಂದಕ್ಕೆ ಹೋಯಿತಂತೆ. ಕನ್ನಡಿ ಅಂಗಡಿಯವಳು ಸಾಹೇಬರಿಗೇ ಫೋನ್ ಮಾಡಿ ಬೈದಳಂತೆ: ಫೋನ್ ಬದಲಾಯಿಸಿದರೆ ಒಳಗಿದ್ದವರಿಗೆ ಒಂದು ಮಾತು ಹೇಳುವ ಬುದ್ಧಿ ಬೇಡವೇ ಎಂದು. ಟೀಚರಮ್ಮ ಇದನ್ನು ಅವಳದೇ ಧ್ವನಿಯಲ್ಲಿ ಮಾಡಿ ತೋರಿಸಿದರು. ಸಾಹೇಬರು ಮಾತ್ರ ಮಧ್ಯಾಹ್ನದವರೆಗೂ ಕೋಣೆಯಿಂದ ಹೊರಗೆ ಬರಲಿಲ್ಲ.

ನಾಳೆ ಹಜಾರ. ಪರೀಕ್ಷೆ. ಆ ಕಸದ ಬುಟ್ಟಿ ಎಲ್ಲಿದೆಯೆಂದು ಹೋಗಿ ನೋಡಿಕೊಂಡು ಬಂದೆ.

ಜುಲೈ ೪, ಗುರುವಾರ

ಬೆಳಿಗ್ಗೆ ಹಜಾರದ ಕೊನೆಯ ಮೇಜಿನಲ್ಲಿ ಕೂರಿಸಿದರು. ಟೀಚರಮ್ಮ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತರು. ಸಾಹೇಬರು ಗಾಜಿನ ಗೋಡೆಯಾಚೆಯಿಂದ ನೋಡುತ್ತಿದ್ದರು. ಪರೀಕ್ಷೆ ಯಾವಾಗ ಶುರುವಾಗುತ್ತದೆಂದು ಯಾರೂ ಹೇಳಲಿಲ್ಲ. ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ ಕಿವಿಗೆ ಹಾಕಿಕೊಳ್ಳುವುದನ್ನು ಮೂಗಿಗೆ ಹಾಕಿಕೊಂಡೆ.

ದೀಪ ಮಿನುಗಿತು. ನಿಜದ ದೀಪ. ನಿಜದ ಹೆಂಗಸು, ಗಂಡ ಮಹಡಿಯಿಂದ ಬಿದ್ದಿದ್ದಾನೆ. ವಿಳಾಸ ಹಾಕಿದೆ, ಅಕ್ಷರ ತಪ್ಪಿತು, ತಿದ್ದಿದೆ. ಅವನ ಕತ್ತು ಅಲುಗಿಸಬಾರದೆಂದು ಹೇಳಿದೆ.

"ನಂಗೆ ತುಂಬಾ ಹೆದ್ರಿಕೆ ಆಗ್ತಿದೆ ರೀ," ಎಂದಳು.

"ನನಗೂ," ಎಂದೆ. ಹಾಗೆ ಹೇಳಬಹುದೆಂದು ಯಾರೂ ಕಲಿಸಿರಲಿಲ್ಲ. ಬಾಯಿ ತಪ್ಪಿ ಬಂತು. "ನೀವು ಅವರ ತಲೆ ಎರಡೂ ಕಡೆಯಿಂದ ಹಿಡ್ಕೊಂಡಿರಿ. ನಾನು ಇಲ್ಲೇ ಇರ್ತೀನಿ."

ಅದು ಮುಗಿಯುವಷ್ಟರಲ್ಲಿ ಇನ್ನೊಂದು ದೀಪ. ಒಬ್ಬರಿಗೆ ಉಸಿರಾಟದ ತೊಂದರೆ. ಆಮೇಲೆ ಕುದಿಯುವ ನೀರು ಚೆಲ್ಲಿಕೊಂಡ ಅಡುಗೆಯವನು. ಒಂದು ಹೆರಿಗೆ. ಒಬ್ಬ ಅಜ್ಜ ತನ್ನ ಟಿವಿ ಕೆಟ್ಟಿದೆ ಎಂದು ಫೋನ್ ಮಾಡಿದ್ದ. ಅವನಿಗೆ ಬೇರೆ ನಂಬರು ಕೊಟ್ಟೆ. ಪ್ರತಿ ದೀಪಕ್ಕೂ ಎದೆ ಹಾರುತ್ತಿತ್ತು. ಈಗ ಬರುವುದೇ ಪರೀಕ್ಷೆಯ ಕರೆ, ಈಗ ಬರುವುದೇ ಎಂದು. ಪಕ್ಕಕ್ಕೆ ತಿರುಗಿ ಏನೋ ಕೇಳಬೇಕೆಂದರೆ ಟೀಚರಮ್ಮನ ಕುರ್ಚಿ ಖಾಲಿ. ಯಾವಾಗ ಎದ್ದು ಹೋದರೋ.

ಪಾಳಿ ಮುಗಿದ ಮೇಲೆ ಅವರನ್ನು ಹುಡುಕಿಕೊಂಡು ಹೋದೆ. ತರಬೇತಿ ಕೋಣೆಯಲ್ಲಿ ಹೊಸಬಳೊಬ್ಬಳು ಫೋನನ್ನು ದಿಟ್ಟಿಸುತ್ತ ಬೆವರುತ್ತಿದ್ದಳು. ಟೀಚರಮ್ಮ ಅವಳಿಗಾಗಿ ಸಾಯಲು ಸಿದ್ಧರಾಗುತ್ತಿದ್ದರು.

"ಮೇಡಂ, ಪರೀಕ್ಷೆ ನಾಳೆಗೆ ಹೋಯ್ತಾ?"

"ಬೆಳಿಗ್ಗೇನೇ ಮುಗೀತಲ್ಲ. ಸಾಹೇಬ್ರು ಪಾಸು ಅಂತ ಬರೆದು ಕಳಿಸೂ ಆಯ್ತು."

"ಯಾವ ಕರೆ ಮೇಡಂ?"

"ಅದನ್ನೆಲ್ಲ ಯಾರು ನೋಡ್ತಾರೆ," ಎಂದು ಡಬ್ಬಿ ತೆರೆದರು.

ಕೆಲಸ ಉಳಿಯಿತು. ಸಂತೋಷವಾಗಬೇಕಿತ್ತು. ಆದರೆ ನಾಳೆಯೂ ಬೆಳಗಿನ ಪಾಳಿ ನನ್ನದೇ, ಈಗಿನಿಂದಲೇ ಮನೆಯ ಫೋನಿಗೆ ಬೆನ್ನು ಹಾಕಿ ಕುಳಿತಿದ್ದೇನೆ. ಇಷ್ಟು ಕಲಿತೂ ಭಯ ಒಂದು ಕೂದಲಿನಷ್ಟೂ ಕಡಿಮೆಯಾಗಿಲ್ಲವೆಂದರೆ ಟೀಚರಮ್ಮನ ಶ್ರಮ ವ್ಯರ್ಥವಾಯಿತೆಂದೇ ಅರ್ಥ. ಪಾಪ, ಅವರಿಗೆ ಇದನ್ನು ಹೇಳಬಾರದು. ಬೇಗ ಮಲಗುತ್ತೇನೆ, ಬೆಳಿಗ್ಗೆ ಮೊದಲ ಬಸ್ಸು ಹಿಡಿಯಬೇಕು.